ಬೇಸಿಗೆ ಶಿಬಿರಗಳು: ಕೊನೆಯ ರಾತ್ರಿಯ ಕಣ್ಣೀರು ಮತ್ತು ಈಮಾನ್

ಅಮೆರಿಕಾದ ಕ್ರೈಸ್ತ ಸಮುದಾಯವು ತನ್ನ ಮಕ್ಕಳ ಬೇಸಿಗೆ ರಜೆಯನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ವ್ಯರ್ಥವಾಗಲು ಬಿಟ್ಟಿಲ್ಲ. ಶಾಲೆಗಳು ಮುಚ್ಚಿದ ಕೂಡಲೇ ಅಲ್ಲಿ ಸರೋವರದ ದಂಡೆಗಳಲ್ಲಿ, ಪೈನ್ ಮರಗಳ ಕಾಡುಗಳಲ್ಲಿ, ಬೆಟ್ಟದ ತಪ್ಪಲುಗಳಲ್ಲಿ ಶಿಬಿರಗಳು ತೆರೆದುಕೊಳ್ಳುತ್ತವೆ. ಎಂಟು ವರ್ಷದ ಬಾಲಕನಿಂದ ಹಿಡಿದು ಹದಿನೆಂಟರ ತರುಣಿಯವರೆಗೆ ಮಕ್ಕಳು ಮನೆ ಬಿಟ್ಟು ಒಂದು ವಾರ, ಕೆಲವೆಡೆ ಒಂದು ತಿಂಗಳು ಅಲ್ಲಿ ತಂಗುತ್ತಾರೆ. ಹಗಲಲ್ಲಿ ಈಜು, ದೋಣಿ, ಬಿಲ್ಲುಗಾರಿಕೆ. ನಡುವೆ ಬೈಬಲ್ ಪಾಠ. ರಾತ್ರಿ ಬೆಂಕಿಯ ಸುತ್ತ ಕುಳಿತು ಹಾಡು, ಪ್ರಾರ್ಥನೆ. ಆ ದೇಶದ ಒಬ್ಬ ಹಿರಿಯ ಪಾದ್ರಿಯನ್ನು, ತಮ್ಮ ವಿಶ್ವಾಸ ಗಟ್ಟಿಯಾದದ್ದು ಎಲ್ಲಿ ಎಂದು ಕೇಳಿದರೆ ಚರ್ಚಿಗಿಂತ ಮೊದಲು ಶಿಬಿರದ ಹೆಸರು ಹೇಳುವುದು ಅಪರೂಪವಲ್ಲ. ಧರ್ಮವನ್ನೇ ತ್ಯಜಿಸಿ ಹೊರನಡೆದವರ ಆತ್ಮಕಥನಗಳನ್ನು ಓದಿದರೂ ಅದೇ ಶಿಬಿರ, ಅದೇ ಬೆಂಕಿ, ಅದೇ ರಾತ್ರಿ ಮತ್ತೆ ಮತ್ತೆ ಎದುರಾಗುತ್ತವೆ. ಏಳು ದಿನಗಳ ಒಂದು ವಾರವು ಮನುಷ್ಯನ ಐವತ್ತು ವರ್ಷಗಳ ಮೇಲೆ ಹೀಗೆ ಎರಡೂ ಬಗೆಯಲ್ಲಿ ಅಚ್ಚೊತ್ತುವುದು ಹೇಗೆ?

ಈ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಕ್ರೈಸ್ತರ ಶಿಬಿರಗಳ ಮಾತು ಬಂದಾಗ ನಮ್ಮ ಸಮುದಾಯದಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಅವು ಮಕ್ಕಳ ತಲೆ ಕೆಡಿಸುವ ಕಾರ್ಖಾನೆಗಳೆಂದು ಒಂದು ಗುಂಪು ಹೇಳಿ ಕೈತೊಳೆದುಕೊಳ್ಳುತ್ತದೆ. ಅವರಂತೆಯೇ ನಾವೂ ಮಾಡಬೇಕು, ಅವರಿಗಿಂತ ದೊಡ್ಡದಾಗಿ ಮಾಡಬೇಕು ಎಂದು ಇನ್ನೊಂದು ಗುಂಪು ಚಂದಾ ಪುಸ್ತಕ ಹಿಡಿದು ಹೊರಡುತ್ತದೆ. ಎರಡೂ ಗುಂಪುಗಳು ಆ ಶಿಬಿರಗಳನ್ನು ಸರಿಯಾಗಿ ನೋಡಿಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮೊದಲನೆಯವರು ಅವುಗಳ ಒಳಿತನ್ನು ಕಾಣಲಿಲ್ಲ. ಎರಡನೆಯವರು ಅವುಗಳ ಕೇಡನ್ನೇ ಒಳಿತೆಂದು ಭಾವಿಸಿ ನಕಲು ಮಾಡುತ್ತಿದ್ದಾರೆ. ಇವರಿಬ್ಬರಲ್ಲಿ ಹೆಚ್ಚು ಅಪಾಯಕಾರಿಗಳು ಎರಡನೆಯವರು.

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. 1801ರ ಆಗಸ್ಟ್‌ನಲ್ಲಿ ಕೆಂಟಕಿಯ ಕೇನ್ ರಿಡ್ಜ್ ಎಂಬಲ್ಲಿ ಸಹಸ್ರಾರು ಜನರು ಗಾಡಿಗಳಲ್ಲಿ ಬಂದು ಬಯಲಲ್ಲಿ ಬಿಡಾರ ಹೂಡಿ ದಿನಗಟ್ಟಲೆ ಪ್ರವಚನ ಕೇಳಿದರು. ಜನರು ಅತ್ತರು, ನಡುಗಿದರು, ಮೂರ್ಛೆ ಹೋದರು. ಬಯಲು, ಬಿಡಾರ, ಬೆಂಕಿ, ಭಾವೋದ್ರೇಕ ಎಂಬ ನಾಲ್ಕರ ಜೋಡಣೆ ಅಮೆರಿಕಾದ ಧಾರ್ಮಿಕ ಪರಂಪರೆಯಲ್ಲಿ ಬೇರೂರಿದ್ದು ಇಂತಹ ಸಮಾವೇಶಗಳಿಂದ. 1874ರಲ್ಲಿ ನ್ಯೂಯಾರ್ಕ್ ರಾಜ್ಯದ ಶಟಾಕ್ವಾ ಸರೋವರದ ಬಳಿ ಭಾನುವಾರದ ಶಾಲೆಗಳ ಶಿಕ್ಷಕರಿಗಾಗಿ ಬೇಸಿಗೆಯ ತರಬೇತಿ ಆರಂಭವಾಯಿತು. ಅಲ್ಲಿ ಪಾಠಕ್ಕೆ ಪ್ರಾಧಾನ್ಯ, ಆವೇಶಕ್ಕಲ್ಲ. 1880ರಲ್ಲಿ ಜಾರ್ಜ್ ಹಿಂಕ್ಲಿ ಎಂಬ ಪಾದ್ರಿ ರೋಡ್ ಐಲೆಂಡಿನಲ್ಲಿ ತಮ್ಮ ಚರ್ಚಿನ ಕೆಲವು ಹುಡುಗರನ್ನು ಕರೆದುಕೊಂಡು ಹೋಗಿ ಡೇರೆ ಹಾಕಿದರು. 1885ರಲ್ಲಿ ಸಮ್ನರ್ ಡಡ್ಲಿ ವೈ.ಎಂ.ಸಿ.ಎ. ಪರವಾಗಿ ಬೆರಳೆಣಿಕೆಯ ಹುಡುಗರೊಂದಿಗೆ ಆರಂಭಿಸಿದ ಶಿಬಿರ ಇಂದಿಗೂ ನಡೆಯುತ್ತಿದೆ. ಈ ಆರಂಭಗಳು ಎಷ್ಟು ಚಿಕ್ಕವಾಗಿದ್ದವೆಂಬುದನ್ನು ಓದುಗರು ಗಮನಿಸಬೇಕು. ಒಬ್ಬ ಹಿರಿಯ, ಹೆಸರು ಹಿಡಿದು ಕರೆಯಬಹುದಾದಷ್ಟು ಹುಡುಗರು, ಒಂದು ನೀರಿನ ದಂಡೆ.

ಇಂದು ಒಕ್ಲಹೋಮಾದ ಫಾಲ್ಸ್ ಕ್ರೀಕ್ ಎಂಬ ಬ್ಯಾಪ್ಟಿಸ್ಟ್ ಶಿಬಿರಕ್ಕೆ ಒಂದೊಂದು ಬೇಸಿಗೆಯಲ್ಲಿ 50,000ಕ್ಕೂ ಹೆಚ್ಚು ಜನರು ಬಂದು ಹೋಗುತ್ತಾರೆ. ಅದು ಆರಂಭವಾದದ್ದು 1917ರಲ್ಲಿ. ಅಜ್ಜ ತಂಗಿದ್ದ ಶಿಬಿರಕ್ಕೇ ಮೊಮ್ಮಗನೂ ಹೋಗುವುದು ಅಲ್ಲಿ ಸಾಮಾನ್ಯ. ಟೆಕ್ಸಾಸಿನ ಕ್ಯಾಂಪ್ ಮಿಸ್ಟಿಕ್ ಎಂಬ ಹೆಣ್ಣುಮಕ್ಕಳ ಕ್ರೈಸ್ತ ಶಿಬಿರಕ್ಕೆ 2025ರ ಜುಲೈ 4ರ ನಸುಕಿನಲ್ಲಿ ಗ್ವಾಡಲೂಪ್ ನದಿಯ ನೆರೆ ನುಗ್ಗಿ 27 ಮಂದಿ ಬಾಲಕಿಯರೂ ಅವರ ಮೇಲ್ವಿಚಾರಕಿಯರೂ ಪ್ರಾಣ ಕಳೆದುಕೊಂಡಾಗ, ಜಗತ್ತಿನೆಲ್ಲೆಡೆಯ ತಂದೆತಾಯಿಗಳ ಎದೆ ನಡುಗಿತು. ಆ ದಿನಗಳ ವರದಿಗಳಲ್ಲಿ ನಮ್ಮ ಗಮನ ಸೆಳೆದ ಸಂಗತಿಯೊಂದಿದೆ. ತಾಯಿ, ಅಜ್ಜಿ, ಅಜ್ಜಿಯ ಸೋದರಿಯರೆಲ್ಲ ಅದೇ ಶಿಬಿರದಲ್ಲಿ ಬಾಲ್ಯದ ಬೇಸಿಗೆಗಳನ್ನು ಕಳೆದವರಾಗಿದ್ದ ಕುಟುಂಬಗಳು ಅಲ್ಲಿದ್ದವು. ಒಂದು ಧಾರ್ಮಿಕ ಸಂಸ್ಥೆಯ ಮೇಲೆ ತಲೆಮಾರುಗಳ ಈ ಮಮತೆ ಕೇವಲ ಪ್ರಚಾರದಿಂದ ಹುಟ್ಟುವಂಥದ್ದಲ್ಲ. ತಲೆ ಕೆಡಿಸುವ ಕಾರ್ಖಾನೆಗಳೆಂದು ಹೇಳಿ ಸುಮ್ಮನಾಗುವವರು ಇದಕ್ಕೇನು ಉತ್ತರ ಕೊಡುತ್ತಾರೆ?

ವಾಸ್ತವದಲ್ಲಿ ಆ ಶಿಬಿರಗಳ ಬಲ ಪಾಠದಲ್ಲಿಲ್ಲ. ಬೈಬಲ್ ಪಾಠ ಅವರಿಗೆ ವರ್ಷವಿಡೀ ಭಾನುವಾರಗಳಲ್ಲಿ ಸಿಗುತ್ತದೆ. ಮಕ್ಕಳು ಅದನ್ನು ನಮ್ಮ ಮಕ್ಕಳಂತೆಯೇ ಆಕಳಿಸುತ್ತ ಕೇಳುತ್ತಾರೆ. ಶಿಬಿರದಲ್ಲಿ ದೊರೆಯುವುದು ಬೇರೆ. ಹನ್ನೆರಡು ವರ್ಷದ ಬಾಲಕನಿಗೆ ಅಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಅಣ್ಣ ಸಿಗುತ್ತಾನೆ. ಆತ ಅದೇ ಕೊಠಡಿಯಲ್ಲಿ ಮಲಗುತ್ತಾನೆ, ಅದೇ ತಟ್ಟೆಯ ಊಟ ಮಾಡುತ್ತಾನೆ, ಸರೋವರಕ್ಕೆ ಹಾರುತ್ತಾನೆ, ರಾತ್ರಿ ಪ್ರಾರ್ಥಿಸುತ್ತಾನೆ. ಧರ್ಮವೆಂದರೆ ಅಪ್ಪನ ಗದರಿಕೆ, ಗುರುವಿನ ಬೆತ್ತ, ಅಜ್ಜಿಯ ಮುಪ್ಪು ಎಂದುಕೊಂಡಿದ್ದ ಬಾಲಕನಿಗೆ, ಚೆನ್ನಾಗಿ ಚೆಂಡಾಡುವ ಯುವಕನೊಬ್ಬ ಯಾರೂ ಹೇಳದೆಯೇ ಕಣ್ಣು ಮುಚ್ಚಿ ದೇವನನ್ನು ನೆನೆಯುವುದನ್ನು ನೋಡುವುದೇ ಒಂದು ಪ್ರಮಾಣ. ಹದಿಹರೆಯದ ಮಕ್ಕಳಿಗೆ ಬೇಸರ ಹುಟ್ಟಿಸುವ ಬಗೆಯಲ್ಲಿ ಧರ್ಮವನ್ನು ಹೇಳುವುದೇ ಪಾಪವೆಂಬ ಅರ್ಥದ ಮಾತೊಂದು, 1941ರಲ್ಲಿ 'ಯಂಗ್ ಲೈಫ್' ಸಂಘಟನೆಯನ್ನು ಸ್ಥಾಪಿಸಿದ ಜಿಮ್ ರೇಬರ್ನ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ನಮ್ಮ ಮದ್ರಸ ಸಮಿತಿಗಳ ಮಹಾಸಭೆಗಳಲ್ಲಿ ಇಂತಹ ಒಂದು ಮಾತು ಎಂದಾದರೂ ಚರ್ಚೆಗೆ ಬಂದಿದೆಯೇ? ಕಟ್ಟಡದ ಸ್ಲ್ಯಾಬಿನ ಲೆಕ್ಕ ಬಂದಿದೆ, ಕಾಂಪೌಂಡಿನ ಲೆಕ್ಕ ಬಂದಿದೆ.

ಇನ್ನೊಂದು ಮರ್ಮವಿದೆ. ಶಿಬಿರಕ್ಕೆ ಬಂದ ಬಾಲಕ ಹದಿನಾರು ತುಂಬಿದ ಮೇಲೆ ಕಿರಿಯ ಸಹಾಯಕನಾಗುತ್ತಾನೆ, ಹದಿನೆಂಟಾದ ಮೇಲೆ ತಾನೇ ಎಂಟು-ಹತ್ತು ಮಕ್ಕಳ ಹೊಣೆ ಹೊರುತ್ತಾನೆ. ರಾತ್ರಿ ಮನೆಯ ನೆನಪಾಗಿ ಅಳುವ ಮಗುವನ್ನು ಸಂತೈಸುವ ಹೊಣೆ ಆತನದು. ದೇವರ ಬಗ್ಗೆ ಮಗು ಕೇಳುವ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆಯೂ ಆತನದೇ. ಶಿಬಿರದ ದೀರ್ಘಕಾಲದ ಪ್ರಭಾವ ಅತಿ ಹೆಚ್ಚು ಆಗುವುದು ಕೇಳಿ ಹೋದವರ ಮೇಲಲ್ಲ, ಹೊಣೆ ಹೊತ್ತವರ ಮೇಲೆ ಎಂಬುದು ನಮ್ಮ ನಂಬಿಕೆ. ಕಲಿಸಲು ಹೊರಟವನೇ ಕಲಿಯುತ್ತಾನೆ. ಅಲ್ಲಿನ ಅನೇಕ ಪಾದ್ರಿಗಳೂ ಮಿಷನರಿಗಳೂ ಈ ಯುವ ಮೇಲ್ವಿಚಾರಕರ ಸಾಲಿನಿಂದಲೇ ಎದ್ದು ಬಂದವರು. ಹದಿನೆಂಟು ವರ್ಷದ ತರುಣನನ್ನು ಮಸೀದಿಯ ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ಸ್ವಯಂಸೇವಕನ ಬ್ಯಾಡ್ಜ್ ಕೊಟ್ಟು ಪಾರ್ಕಿಂಗ್ ನೋಡಿಕೊಳ್ಳಲು ಹೇಳುವ ನಾವು ಇದನ್ನು ಯೋಚಿಸಬೇಕಾಗಿದೆ.

ಇಷ್ಟು ಒಳಿತು. ಆದರೆ ಆ ಶಿಬಿರಗಳ ಖ್ಯಾತಿ ನಿಂತಿರುವುದು ಇದರ ಮೇಲಲ್ಲ; ಕೊನೆಯ ರಾತ್ರಿಗಳ ಮೇಲೆ.

ಸುವಾರ್ತಾವಾದಿ ಶಿಬಿರಗಳ ವಾರಕ್ಕೆ ಒಂದು ಏರಿಕೆಯ ಕ್ರಮವಿರುತ್ತದೆ. ಮೊದಲ ದಿನಗಳಲ್ಲಿ ನಗು, ಆಟ, ಗೆಳೆತನ. ಬಳಿಕ ಪಾಪದ ಮಾತು. ಬಳಿಕ ಶಿಲುಬೆಯ ಕಥನ. ಅಷ್ಟರಲ್ಲಿ ಮಕ್ಕಳು ನಿದ್ದೆಗೆಟ್ಟಿರುತ್ತಾರೆ, ಮೈ ದಣಿದಿರುತ್ತದೆ, ಫೋನು ಕೈಯಲ್ಲಿಲ್ಲ, ಮನೆಯವರ ಧ್ವನಿ ಕೇಳಿ ದಿನಗಳಾಗಿವೆ. ಕೊನೆಯ ಅಥವಾ ಅದರ ಹಿಂದಿನ ರಾತ್ರಿ ದೀಪಗಳು ಮಂದವಾಗುತ್ತವೆ, ಗಿಟಾರ್ ಮೆಲ್ಲಗೆ ನುಡಿಯುತ್ತದೆ, ಪ್ರವಚನಕಾರನ ಧ್ವನಿ ಇಳಿಯುತ್ತದೆ. ಈ ರಾತ್ರಿಯೇ ನೀನು ಮರಣ ಹೊಂದಿದರೆ ನಿನ್ನ ಗತಿಯೇನು ಎಂದು ಕೇಳಲಾಗುತ್ತದೆ. ಒಬ್ಬಳು ಅಳುತ್ತಾಳೆ, ಪಕ್ಕದವಳು ಅವಳನ್ನು ತಬ್ಬಿ ಅಳುತ್ತಾಳೆ, ಸಾಲು ಸಾಲಾಗಿ ಮಕ್ಕಳು ಮುಂದೆ ಬರುತ್ತಾರೆ. ಕೆಲವೆಡೆ ಪ್ರತಿಯೊಬ್ಬರೂ ಒಂದೊಂದು ಕಡ್ಡಿಯನ್ನು ಬೆಂಕಿಗೆ ಹಾಕಿ ತಮ್ಮ ಸಾಕ್ಷ್ಯ ನುಡಿಯುತ್ತಾರೆ. ಅಮೆರಿಕಾದ ಕ್ರೈಸ್ತ ಯುವಜನರೇ ಇದನ್ನು ಹಾಸ್ಯವಾಗಿ 'ಅಳುವ ರಾತ್ರಿ' ಎಂದು ಕರೆಯುತ್ತಾರೆ. ಅದು ಅವರಿಗೂ ಗೊತ್ತು. ಗೊತ್ತಿದ್ದೂ ಪ್ರತಿ ವರ್ಷ ಅಳುತ್ತಾರೆ, ಪ್ರತಿ ವರ್ಷ ಹೊಸದಾಗಿ 'ರಕ್ಷಣೆ' ಪಡೆಯುತ್ತಾರೆ. ಒಂದೇ ಬಾಲಕ ಐದು ಬೇಸಿಗೆಗಳಲ್ಲಿ ಐದು ಸಲ ಹೊಸದಾಗಿ ವಿಶ್ವಾಸಿಯಾಗುವುದು ಅಲ್ಲಿ ಸೋಜಿಗದ ಸಂಗತಿಯಲ್ಲ.

ಇದು ಅನ್ಯಾಯವೆಂದು ನಾವು ಹೇಳುತ್ತೇವೆ. ಕ್ರೈಸ್ತರು ಮಾಡುತ್ತಾರೆಂದಲ್ಲ, ಯಾರು ಮಾಡಿದರೂ ಅನ್ಯಾಯ. ಧರ್ಮದಲ್ಲಿ ಬಲವಂತಕ್ಕೆ ಎಡೆಯಿಲ್ಲವೆಂಬ ಕುರ್‌ಆನಿನ ತತ್ವವನ್ನು (2:256) ಕತ್ತಿಯ ಸಂದರ್ಭಕ್ಕಷ್ಟೇ ಸೀಮಿತಗೊಳಿಸುವುದು ಸರಿಯಲ್ಲ. ನಿದ್ದೆಗೆಟ್ಟ ಹನ್ನೊಂದು ವರ್ಷದ ಮಗುವನ್ನು ಕತ್ತಲಲ್ಲಿ ಕುಳ್ಳಿರಿಸಿ, ಸಾವಿನ ಭೀತಿ ಹುಟ್ಟಿಸಿ, ನೂರು ಗೆಳೆಯರ ಅಳುವಿನ ನಡುವೆ ಈಗಲೇ ನಿರ್ಧರಿಸು ಎನ್ನುವುದು ಕೂಡ ಬಲವಂತದ ಒಂದು ರೂಪ. ಅಲ್ಲಿ ನಿರ್ಧರಿಸುವುದು ಮಗುವಿನ ಬುದ್ಧಿಯೂ ಅಲ್ಲ, ಹೃದಯವೂ ಅಲ್ಲ, ದಣಿದ ನರಗಳು.

ಇದರ ಪರಿಣಾಮವನ್ನು ತಿಳಿಯಲು ಒಂದು ಪ್ರಸಿದ್ಧ ಪ್ರಸಂಗವನ್ನು ನೋಡಬಹುದು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಬೆಟ್ಟಗಳಲ್ಲಿ ಹೆನ್ರಿಯೆಟ್ಟಾ ಮಿಯರ್ಸ್ ಎಂಬ ಧರ್ಮಶಿಕ್ಷಕಿ 1938ರಲ್ಲಿ ಆರಂಭಿಸಿದ ಫಾರೆಸ್ಟ್ ಹೋಮ್ ಎಂಬ ಶಿಬಿರ ಕೇಂದ್ರವಿದೆ. 1949ರ ಬೇಸಿಗೆಯಲ್ಲಿ, ಮೂವತ್ತರ ವಯಸ್ಸಿನ ಬಿಲ್ಲಿ ಗ್ರಹಾಂ ಅಲ್ಲಿಗೆ ಬಂದಾಗ ಬೈಬಲಿನ ಕುರಿತ ಸಂದೇಹಗಳಿಂದ ತೊಳಲಾಡುತ್ತಿದ್ದರು. ಆ ಸಂದೇಹಗಳನ್ನು ಅವರ ಮುಂದೆ ಎತ್ತಿದವರು ಅವರ ಆಪ್ತ ಗೆಳೆಯ, ಅವರಷ್ಟೇ ಹೆಸರಾಂತ ಪ್ರವಚನಕಾರ ಚಾರ್ಲ್ಸ್ ಟೆಂಪಲ್ಟನ್. ಒಂದು ರಾತ್ರಿ ಗ್ರಹಾಂ ಕಾಡಿನೊಳಗೆ ನಡೆದು, ಬೈಬಲನ್ನು ಮುಂದಿಟ್ಟುಕೊಂಡು ಮೊಣಕಾಲೂರಿ, ಅರ್ಥವಾಗದ್ದನ್ನೂ ನಂಬಿಕೆಯಿಂದಲೇ ಸ್ವೀಕರಿಸುವೆನೆಂದು ಪ್ರಾರ್ಥಿಸಿದರು. ಕೆಲವೇ ವಾರಗಳಲ್ಲಿ ಲಾಸ್ ಏಂಜಲೀಸ್‌ನ ಸಭೆಗಳು ಅವರನ್ನು ದೇಶಕ್ಕೇ ಪರಿಚಯಿಸಿದವು. ಟೆಂಪಲ್ಟನ್ ಮುಂದೆ ಧರ್ಮೋಪದೇಶವನ್ನು ತ್ಯಜಿಸಿ ಕೆನಡಾದಲ್ಲಿ ಪತ್ರಕರ್ತರಾದರು. 1996ರಲ್ಲಿ ದೇವನಿಗೆ ವಿದಾಯ ಹೇಳುವ ಗ್ರಂಥವನ್ನೇ ಪ್ರಕಟಿಸಿದರು.

ಕ್ರೈಸ್ತ ಶಿಬಿರಗಳಲ್ಲಿ ಗ್ರಹಾಂ ಅವರ ಆ ರಾತ್ರಿಯ ಕಥೆಯನ್ನು ಯುವಜನರಿಗೆ ಮತ್ತೆ ಮತ್ತೆ ಹೇಳಲಾಗುತ್ತದೆ. ಟೆಂಪಲ್ಟನ್‌ರ ಪ್ರಶ್ನೆಗಳೇನಾಗಿದ್ದವು, ಅವಕ್ಕೆ ಉತ್ತರವೇನು ಎಂಬುದಕ್ಕೆ ಆ ಕಥೆಯಲ್ಲಿ ಸ್ಥಳ ಕಡಿಮೆ. ಪ್ರಶ್ನೆಯನ್ನು ಒಂದು ರಾತ್ರಿಯ ಪ್ರಾರ್ಥನೆಯಲ್ಲಿ ಬದಿಗಿಡಬಹುದೆಂಬ ಪಾಠವನ್ನು ಯುವಕನು ಅಲ್ಲಿಂದ ಕೊಂಡೊಯ್ಯುತ್ತಾನೆ. ಬದಿಗಿಟ್ಟ ಪ್ರಶ್ನೆ ಕಾಲೇಜಿನ ಎರಡನೆಯ ವರ್ಷ ಅವನನ್ನು ಹುಡುಕಿಕೊಂಡು ಬರುತ್ತದೆ.

ಶಿಬಿರ ಮುಗಿದು ಮನೆಗೆ ಬಂದ ಬಾಲಕನ ಸ್ಥಿತಿಯನ್ನು ಊಹಿಸೋಣ. ಮೊದಲ ವಾರ ಉತ್ಸಾಹ. ತಾಯಿಗೆ ಸಹಾಯ, ತಮ್ಮನ ಮೇಲೆ ಪ್ರೀತಿ, ದಿನವೂ ಬೈಬಲ್. ಮೂರನೆಯ ವಾರಕ್ಕೆ ಎಲ್ಲವೂ ಹಿಂದಿನಂತೆ. ಆಗ ಅವನ ಮುಂದೆ ಎರಡೇ ದಾರಿಗಳು ಉಳಿಯುತ್ತವೆ: ತನ್ನಲ್ಲೇ ದೋಷವಿದೆ, ತಾನು ಕಪಟಿ ಎಂದುಕೊಳ್ಳಬೇಕು, ಇಲ್ಲವೇ ಆ ರಾತ್ರಿ ನಡೆದದ್ದೇ ಸುಳ್ಳು ಎಂದುಕೊಳ್ಳಬೇಕು. ಮೊದಲನೆಯವನು ಮುಂದಿನ ಬೇಸಿಗೆಗೆ ಕಾಯುತ್ತಾನೆ. ಎರಡನೆಯವನು ಧರ್ಮದಿಂದಲೇ ಹೊರಡುತ್ತಾನೆ. ಅಮೆರಿಕಾದ 'ಪ್ಯೂ' ಸಂಶೋಧನಾ ಕೇಂದ್ರದ ಸಮೀಕ್ಷೆಗಳ ಪ್ರಕಾರ 2007ರಲ್ಲಿ ಆ ದೇಶದ ವಯಸ್ಕರಲ್ಲಿ ಶೇ. 78 ಮಂದಿ ಕ್ರೈಸ್ತರೆಂದು ಗುರುತಿಸಿಕೊಂಡಿದ್ದರು. 2023-24ರಲ್ಲಿ ಅದು ಶೇ. 62. ಯಾವ ಧರ್ಮಕ್ಕೂ ಸೇರದವರ ಪ್ರಮಾಣ ಶೇ. 16ರಿಂದ ಶೇ. 29ಕ್ಕೇರಿದೆ, ಯುವಜನರಲ್ಲಿ ಅದು ಇನ್ನೂ ಹೆಚ್ಚು. ಇದಕ್ಕೆ ಕಾರಣಗಳು ಹಲವು, ಶಿಬಿರಗಳನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಇಷ್ಟು ದೊಡ್ಡ ಶಿಬಿರ ವ್ಯವಸ್ಥೆ ಇದ್ದೂ ಈ ಹೊರನಡಿಗೆ ನಿಂತಿಲ್ಲವೆಂಬುದನ್ನು, ಅವರಂತೆ ನಾವೂ ಮಾಡೋಣ ಎನ್ನುವವರು ಗಮನಿಸಲೇಬೇಕು.

ಪ್ರವಾದಿ(ಸ)ರ ಕಾತಿಬರಲ್ಲೊಬ್ಬರಾದ ಹನ್‌ಝಲ(ರ)ರಿಗೂ ಇದೇ ಸಂಕಟ ಒದಗಿತ್ತು. ಸಹೀಹ್ ಮುಸ್ಲಿಮ್‌ನಲ್ಲಿರುವ ಆ ಪ್ರಸಂಗ ಓದುಗರಿಗೆ ತಿಳಿದಿರಬಹುದು. ಪ್ರವಾದಿ(ಸ)ರ ಸನ್ನಿಧಿಯಲ್ಲಿ ಸ್ವರ್ಗನರಕಗಳು ಕಣ್ಣಿಗೆ ಕಂಡಂತಾಗುತ್ತವೆ, ಮನೆಗೆ ಬಂದು ಮಡದಿ ಮಕ್ಕಳು ಹೊಲಗದ್ದೆಗಳಲ್ಲಿ ತೊಡಗಿದರೆ ಬಹಳಷ್ಟು ಮರೆತುಹೋಗುತ್ತದೆ, ತಾನು ಕಪಟವಿಶ್ವಾಸಿಯಾಗಿಬಿಟ್ಟೆನೆಂದು ಅವರು ದಾರಿಯಲ್ಲಿ ಸಿಕ್ಕ ಅಬೂಬಕರ್(ರ)ರ ಮುಂದೆ ಹಲುಬುತ್ತಾರೆ. ನನಗೂ ಹಾಗೆಯೇ ಆಗುತ್ತದೆ ಎನ್ನುತ್ತಾರೆ ಅಬೂಬಕರ್(ರ)! ಇಬ್ಬರೂ ಪ್ರವಾದಿ(ಸ)ರ ಬಳಿಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಗದರಿಕೆ ದೊರೆಯಲಿಲ್ಲ. ಇನ್ನೊಮ್ಮೆ ಆ ಭಾವಸ್ಥಿತಿಗೆ ಏರಿಸುವ ಪ್ರವಚನವೂ ದೊರೆಯಲಿಲ್ಲ. ಸದಾ ಆ ಸ್ಥಿತಿಯಲ್ಲೇ ಇರುವುದಾದರೆ ಮಲಕ್‌ಗಳೇ ಬಂದು ಕೈಕುಲುಕುತ್ತಿದ್ದರು, ಆದರೆ ಮನುಷ್ಯನಿಗೆ ಒಂದು ಹೊತ್ತು ಹಾಗೆ, ಒಂದು ಹೊತ್ತು ಹೀಗೆ ಎಂಬ ಸಮಾಧಾನ ದೊರೆಯಿತು. ಭಾವದ ಇಳಿತವನ್ನು ಈಮಾನಿನ ನಾಶವೆಂದು ತಿಳಿಯಬೇಡಿ ಎಂಬುದು ಅದರ ತಾತ್ಪರ್ಯ. ಹದಿನೈದು ವರ್ಷದ ಒಬ್ಬ ಬಾಲಕನಿಗೆ, ಆತ ಯಾವ ಧರ್ಮದವನೇ ಆಗಿರಲಿ, ಇದಕ್ಕಿಂತ ಅಗತ್ಯವಾದ ಪಾಠ ಇನ್ನೊಂದಿಲ್ಲ. ಶಿಬಿರದ ಕೊನೆಯ ರಾತ್ರಿ ಅವನಿಗೆ ಹೇಳಿಕೊಡುವುದು ಇದರ ತದ್ವಿರುದ್ಧವನ್ನು.

ಪ್ರತಿಜ್ಞೆಗಳ ವಿಷಯವೂ ಹೀಗೆಯೇ. 1993ರಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಆರಂಭಿಸಿದ ಚಳವಳಿಯಲ್ಲಿ ಲಕ್ಷಗಟ್ಟಲೆ ಯುವಜನರು ವಿವಾಹದವರೆಗೆ ಪಾವಿತ್ರ್ಯ ಕಾಪಾಡುವೆವೆಂದು ಕಾರ್ಡುಗಳಿಗೆ ಸಹಿ ಹಾಕಿದರು. ಉದ್ದೇಶ ಶ್ಲಾಘನೀಯವೇ; ನಾವು ಅದನ್ನು ಲೇವಡಿ ಮಾಡುವವರಲ್ಲ. ಪೀಟರ್ ಬೇರ್‌ಮನ್ ಮತ್ತು ಹನ್ನಾ ಬ್ರೂಕ್ನರ್ ಎಂಬ ಸಮಾಜಶಾಸ್ತ್ರಜ್ಞರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಂತಹ ಪ್ರತಿಜ್ಞೆಯಿಂದ ಪರಿಣಾಮವಿರುವುದು ನಿಜ, ಆದರೆ ಅದು ಸುತ್ತಲಿನ ಪರಿಸರವನ್ನು ಅವಲಂಬಿಸಿದೆ. ಪ್ರತಿಜ್ಞೆ ಮಾಡಿದವರು ಒಂದು ಶಾಲೆಯಲ್ಲಿ ಯಾರೂ ಇಲ್ಲದಿದ್ದರೂ, ತೀರಾ ಹೆಚ್ಚಿದ್ದರೂ ಅದರ ಬಲ ಕುಂದುತ್ತದೆ. ಸಹಿಯ ಬಲ ಸಹಿಯಲ್ಲಿಲ್ಲ, ಮರುದಿನದಿಂದ ಜೊತೆಗಿರುವವರಲ್ಲಿದೆ.

ಇನ್ನು 2006ರ 'ಜೀಸಸ್ ಕ್ಯಾಂಪ್' ಎಂಬ ಸಾಕ್ಷ್ಯಚಿತ್ರ. ಉತ್ತರ ಡಕೋಟಾದಲ್ಲಿ ಬೆಕಿ ಫಿಶರ್ ಎಂಬ ಮಹಿಳಾ ಪಾದ್ರಿ ನಡೆಸುತ್ತಿದ್ದ ಮಕ್ಕಳ ಶಿಬಿರವನ್ನು ಚಿತ್ರೀಕರಿಸಿದ ಈ ಚಿತ್ರ ಆಸ್ಕರ್ ಪ್ರಶಸ್ತಿಗೂ ನಾಮಕರಣಗೊಂಡಿತ್ತು. ಪುಟ್ಟ ಮಕ್ಕಳು ಬಿಕ್ಕಿ ಬಿಕ್ಕಿ ಅಳುವುದು, ಸುತ್ತಿಗೆಯಿಂದ ಪಿಂಗಾಣಿ ಲೋಟಗಳನ್ನು ಒಡೆಯುವುದು, ಅಂದಿನ ಅಧ್ಯಕ್ಷರ ರಟ್ಟಿನ ಆಕೃತಿಯ ಮುಂದೆ ಪ್ರಾರ್ಥಿಸುವುದು, ಎಲ್ಲವೂ ಅದರಲ್ಲಿದೆ. ಆದರೆ ನಮಗೆ ಮುಖ್ಯವಾದದ್ದು ಆ ಮಹಿಳೆ ತಮ್ಮ ಸಮರ್ಥನೆಗಾಗಿ ಆಡಿದ ಮಾತು. ಮುಸ್ಲಿಮರು ತಮ್ಮ ಮಕ್ಕಳನ್ನು ಧರ್ಮಕ್ಕಾಗಿ ಹೇಗೆ ಅಣಿಗೊಳಿಸುತ್ತಾರೆಂದು ನೋಡಿ, ನಮ್ಮ ಮಕ್ಕಳಲ್ಲೂ ಅಂತಹ ಸಮರ್ಪಣೆ ಬರಬೇಕು ಎಂಬುದು ಅವರ ವಾದದ ಸಾರ. ಅವರ ಕಲ್ಪನೆಯ ಮುಸ್ಲಿಮ್ ಮಗುವಿನ ಕೈಯಲ್ಲಿ ಬಂದೂಕಿತ್ತು. ಮುಂಜಾನೆ ಕಣ್ಣುಜ್ಜುತ್ತ ಮದ್ರಸಕ್ಕೆ ಓಡುವ, ಎಂಟೂವರೆಗೆ ಶಾಲೆಯ ಬಸ್ಸು ಹಿಡಿಯುವ ನಮ್ಮ ಮಕ್ಕಳನ್ನು ಆ ಮಹಿಳೆ ಎಂದೂ ಕಂಡವರಲ್ಲ. ನಮ್ಮ ಮೇಲಿನ ಭೀತಿಯಿಂದ ಅವರು ತಮ್ಮ ಮಕ್ಕಳನ್ನು ಅಳಿಸಿದರು. ಈಗ ಅವರ ಮೇಲಿನ ಭೀತಿಯಿಂದ ನಮ್ಮವರು ನಮ್ಮ ಮಕ್ಕಳನ್ನು ಅಳಿಸಲು ಹೊರಟಿದ್ದಾರೆ. ಚಿತ್ರ ಬಿಡುಗಡೆಯಾದ ವರ್ಷವೇ ಆ ಶಿಬಿರ ಸ್ಥಗಿತಗೊಂಡಿತು. ಚಿತ್ರದಲ್ಲಿ ಕಾಣುವ ಮಕ್ಕಳು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ.

ಇನ್ನೊಂದು ಕಹಿ ಸಂಗತಿಯನ್ನು ಮರೆಮಾಚಲಾಗದು. ಮಿಸೂರಿಯ ಕನಕಕ್ ಎಂಬ ಬೃಹತ್ ಕ್ರೈಸ್ತ ಶಿಬಿರದ ನಿರ್ದೇಶಕರಲ್ಲೊಬ್ಬ ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದನ್ನು ಒಪ್ಪಿಕೊಂಡು 2010ರಲ್ಲಿ ಎರಡು ಜೀವಾವಧಿ ಶಿಕ್ಷೆಗಳಿಗೆ ಗುರಿಯಾದ. ಆತ ಮಕ್ಕಳ ಮೆಚ್ಚಿನವನಾಗಿದ್ದ, ಪೋಷಕರ ನಂಬುಗೆಯವನಾಗಿದ್ದ. ಮನೆಯಿಂದ ದೂರ, ಪ್ರಶ್ನಿಸಬಾರದ ಗೌರವ, ದೇವರ ಹೆಸರು ಈ ಮೂರೂ ಕೂಡಿದಲ್ಲಿ ಮಗುವಿನ ರಕ್ಷಣೆಗೆ ಸದ್ಭಾವನೆ ಸಾಲುವುದಿಲ್ಲ. ಇಂತಹದು ಅವರಲ್ಲಿ ಮಾತ್ರ ನಡೆಯುತ್ತದೆಂದು ಭಾವಿಸುವವರು ಕಣ್ಣು ಮುಚ್ಚಿಕೊಂಡವರು. ಶಿಬಿರ ನಡೆಸುವ ನಮ್ಮ ಸಂಘಟನೆಗಳಲ್ಲಿ ಎಷ್ಟು ಮಂದಿ ಸ್ವಯಂಸೇವಕರ ಹಿನ್ನೆಲೆ ವಿಚಾರಿಸುತ್ತಾರೆ? ದೂರು ಹೇಳಿಕೊಳ್ಳಲು ಮಗುವಿಗೆ ಯಾರ ಹೆಸರನ್ನು ಕೊಟ್ಟಿದ್ದಾರೆ?

ಇಲ್ಲಿ ನಮ್ಮ ನಾಡಿನ ಮಾತಿಗೆ ಬರುತ್ತೇವೆ. ಏಪ್ರಿಲ್ ಬಂತೆಂದರೆ ಕರ್ನಾಟಕದ ಚರ್ಚುಗಳಲ್ಲಿ ರಜಾ ಬೈಬಲ್ ಶಾಲೆಗಳು ನಡೆಯುತ್ತವೆ. ಇವೂ ಅಮೆರಿಕಾದಿಂದಲೇ ಬಂದ ಪದ್ಧತಿ. ಅವುಗಳನ್ನು ಮತಾಂತರದ ಅಡ್ಡೆಗಳೆಂದು ಕೂಗುವವರ ದನಿಗೆ ನಮ್ಮವರೂ ಕೆಲವರು ದನಿಗೂಡಿಸುವುದನ್ನು ಕಂಡು ನಮಗೆ ನಾಚಿಕೆಯಾಗುತ್ತದೆ. 2022ರ ಮತಾಂತರ ನಿಷೇಧ ಕಾಯ್ದೆ ರಾಜ್ಯದಲ್ಲಿ ಜಾರಿಯಾದಾಗ ಅದರ ತೂಗುಗತ್ತಿ ಯಾರ ಯಾರ ತಲೆಯ ಮೇಲಿತ್ತೆಂಬುದನ್ನು ಇಷ್ಟು ಬೇಗ ಮರೆತೆವೇ? ತಮ್ಮ ಮಕ್ಕಳಿಗೆ ತಮ್ಮ ಧರ್ಮವನ್ನು ಕಲಿಸುವ ಹಕ್ಕು ಕ್ರೈಸ್ತರಿಗಿದೆ. ಅದೇ ಹಕ್ಕಿನಿಂದ ನಮ್ಮ ಮದ್ರಸಗಳು ನಡೆಯುತ್ತಿವೆ. ನಮ್ಮ ತಕರಾರು ಹಕ್ಕಿನ ಬಗ್ಗೆ ಅಲ್ಲ, ವಿಧಾನದ ಬಗ್ಗೆ.

ಅದೇ ವಿಧಾನ ಈಗ ನಮ್ಮ ಅಂಗಳಕ್ಕೆ ಬಂದಿದೆ. ರಜೆಯಲ್ಲಿ ನಮ್ಮ ಸಂಘಟನೆಗಳೂ ಶಿಬಿರಗಳನ್ನು ನಡೆಸುತ್ತವೆ. ಹಲವು ಚೆನ್ನಾಗಿವೆ, ಅವುಗಳ ಹಿಂದಿರುವ ಶ್ರಮವನ್ನು ಅಲ್ಲಾಹನು ಸ್ವೀಕರಿಸಲಿ. ಆದರೆ ಕೆಲವೆಡೆ ಕೊನೆಯ ರಾತ್ರಿ ಸಭಾಂಗಣದ ದೀಪ ಆರಿಸಿ, ಪ್ರತಿಧ್ವನಿ ಬರುವ ಮೈಕಿನಲ್ಲಿ ಕಬರಿನ ಏಕಾಂತವನ್ನು ಬಣ್ಣಿಸಿ, ಆ ಕತ್ತಲಲ್ಲಿ ತಾಯಿಯ ಮರಣವನ್ನು ಊಹಿಸಿಕೊಳ್ಳಲು ಮಕ್ಕಳಿಗೆ ಹೇಳಿ, ಅವರು ಗೊಳೋ ಎಂದು ಅಳುವುದನ್ನು ಚಿತ್ರೀಕರಿಸಿ ಬೆಳಗಾಗುವುದರೊಳಗೆ ವಾಟ್ಸಾಪ್ ಗುಂಪುಗಳಿಗೆ ಹಂಚುವ ಪರಿಪಾಠ ಶುರುವಾಗಿದೆ. ಮುಂದಿನ ವರ್ಷದ ದೇಣಿಗೆಗೆ ಆ ವೀಡಿಯೋವೇ ಜಾಹೀರಾತು. ಯಾರ ಸುನ್ನತ್ ಇದು? ಮಕ್ಕಳ ಕಣ್ಣೀರನ್ನು ಅಳೆದು ಶಿಬಿರದ ಯಶಸ್ಸನ್ನು ಲೆಕ್ಕ ಹಾಕುವ ಈ ಕ್ರಮವನ್ನು ನಮಗೆ ಕಲಿಸಿದವರು ಯಾರು? ಅಲ್ಲಾಹನ ಭಯದಿಂದ ಏಕಾಂತದಲ್ಲಿ ಕಣ್ಣು ತುಂಬಿದವನನ್ನು ಪ್ರವಾದಿ(ಸ)ರು ಪ್ರಶಂಸಿಸಿದ್ದಾರೆ. ಏಕಾಂತದಲ್ಲಿ! ಲುಕ್ಮಾನರು ತಮ್ಮ ಮಗನಿಗೆ ಮಾಡಿದ ಉಪದೇಶ ಕುರ್‌ಆನಿನ 31ನೆಯ ಅಧ್ಯಾಯದಲ್ಲಿದೆ. ತಂದೆಯೊಬ್ಬ ಮಗನನ್ನು ಅಕ್ಕರೆಯಿಂದ ಕರೆದು ತೌಹೀದನ್ನು, ತಾಯಿತಂದೆಯ ಹಕ್ಕನ್ನು, ನಮಾಝನ್ನು, ನಡಿಗೆಯ ವಿನಯವನ್ನು ಹೇಳಿಕೊಡುವ ಆ ಮಾತುಕತೆಯಲ್ಲಿ ದನಿ ತಗ್ಗಿಸಬೇಕೆಂಬುದೂ ಒಂದು ಪಾಠ. ಆ ವಚನಗಳನ್ನು ಮೈಕಿನ ಪ್ರತಿಧ್ವನಿಯಲ್ಲಿ ಓದಿ ಮಕ್ಕಳನ್ನು ಬೆಚ್ಚಿಬೀಳಿಸುವವರಿಗೆ ಅದರ ಅರ್ಥ ತಿಳಿದಿದೆಯೇ?

ಹಾಗಾದರೆ ಶಿಬಿರವೇ ಬೇಡವೇ? ಬೇಕು, ಖಂಡಿತ ಬೇಕು. ಮಾದರಿ ಸಹೀಹ್ ಬುಖಾರಿಯಲ್ಲೇ ಇದೆ. ಮಾಲಿಕ್ ಬಿನ್ ಹುವೈರಿಸ್(ರ)ರು ವರದಿ ಮಾಡುತ್ತಾರೆ: ಅವರೂ ಅವರ ಸಂಗಡಿಗರೂ ಹೆಚ್ಚುಕಡಿಮೆ ಒಂದೇ ಪ್ರಾಯದ ಯುವಕರು. ಮದೀನಕ್ಕೆ ಬಂದು ಪ್ರವಾದಿ(ಸ)ರ ಬಳಿ ಇಪ್ಪತ್ತು ರಾತ್ರಿಗಳು ತಂಗಿದರು. ಇಪ್ಪತ್ತು ರಾತ್ರಿಗಳ ಕೊನೆಯಲ್ಲಿ ಏನಾಯಿತು? ಅತ್ಯಂತ ಕರುಣಾಮಯಿಯೂ ಸ್ನೇಹಪರರೂ ಆಗಿದ್ದ ಪ್ರವಾದಿ(ಸ)ರು, ಈ ಹುಡುಗರಿಗೆ ಮನೆಯ ನೆನಪು ಕಾಡುತ್ತಿರುವುದನ್ನು ಗಮನಿಸಿದರು. ಮನೆಯಲ್ಲಿ ಯಾರು ಯಾರಿದ್ದಾರೆಂದು ವಿಚಾರಿಸಿದರು. ಮನೆಗೆ ಮರಳಿ, ಮನೆಯವರ ಜೊತೆಯಲ್ಲೇ ನೆಲೆಸಿ, ಅವರಿಗೆ ಕಲಿಸುವಂತೆ ಹೇಳಿದರು. ತಾವು ನಮಾಝ್ ಮಾಡುವುದನ್ನು ಕಂಡಂತೆಯೇ ಮಾಡಲು ಹೇಳಿದರು. ಹೊತ್ತಾದಾಗ ಒಬ್ಬ ಅಝಾನ್ ಕೊಡಲಿ, ಹಿರಿಯವನು ಇಮಾಮನಾಗಲಿ ಎಂದು ಕೆಲಸವನ್ನೂ ಹಂಚಿದರು.

ಆ ಯುವಕರು ಇಪ್ಪತ್ತು ದಿನ ಒಬ್ಬ ಮನುಷ್ಯನು ಬದುಕುವುದನ್ನು ಹತ್ತಿರದಿಂದ ನೋಡಿದರು. ಅಮೆರಿಕಾದ ಶಿಬಿರಗಳ ಹತ್ತೊಂಬತ್ತರ ಆ ಅಣ್ಣನಲ್ಲಿ ನಾವು ಮೆಚ್ಚಿದ ಗುಣವೂ ಇದೇ. ಮನೆಯ ನೆನಪನ್ನು ಅಲ್ಲಿ ದೌರ್ಬಲ್ಯವೆಂದು ಬಗೆಯಲಿಲ್ಲ, ಅದನ್ನು ಬಳಸಿಕೊಂಡು ಮನಸ್ಸನ್ನು ಮೆತ್ತಗಾಗಿಸಲೂ ಇಲ್ಲ; ಅದನ್ನು ಗೌರವಿಸಿ ಮನೆಗೆ ಕಳುಹಿಸಲಾಯಿತು. ಮನೆಯೇ ಅವರ ಕಾರ್ಯಕ್ಷೇತ್ರವಾಯಿತು. ಮಾಲಿಕ್(ರ)ರು ಮುಂದೆ ಬಸ್ರಾದಲ್ಲಿ ನೆಲೆಸಿದಾಗ, ಪ್ರವಾದಿ(ಸ)ರು ನಮಾಝ್ ಮಾಡುತ್ತಿದ್ದ ಬಗೆಯನ್ನು ಮಸೀದಿಯಲ್ಲಿ ಜನರಿಗೆ ಮಾಡಿ ತೋರಿಸುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಹುಡುಗನಾಗಿದ್ದಾಗಿನ ಇಪ್ಪತ್ತು ರಾತ್ರಿಗಳು ಅವರ ಮೊಣಕಾಲು, ಮುಂಗೈ, ಬೆನ್ನುಗಳಲ್ಲಿ ಹಾಗೆಯೇ ಉಳಿದಿದ್ದವು.

ಈ ರಜೆಯಲ್ಲಿ ಶಿಬಿರ ಏರ್ಪಡಿಸುತ್ತಿರುವ ಸಂಘಟಕರಿಗೆ ನಮ್ಮ ಬೇಡಿಕೆಗಳು ಹೆಚ್ಚಿಲ್ಲ. ಐನೂರು ಮಕ್ಕಳ ಶಿಬಿರವನ್ನು ಬಿಟ್ಟು ನಲ್ವತ್ತು ಮಕ್ಕಳದ್ದನ್ನು ನಡೆಸಲಿ. ಹತ್ತು ಮಕ್ಕಳಿಗೆ ಒಬ್ಬನಂತೆ, ಹಿನ್ನೆಲೆ ವಿಚಾರಿಸಿದ, ಹಿರಿಯರ ನಿಗಾದಲ್ಲಿರುವ ಪದವಿ ಕಾಲೇಜಿನ ಯುವಕ ಯುವತಿಯರನ್ನು ಹುಡುಕಲಿ. ಮಕ್ಕಳಿಗೆ ಎಂಟು ಗಂಟೆಯ ನಿದ್ದೆ ಸಿಗಲಿ. ಪ್ರಶ್ನೆಗಳಿಗೆ ಒಂದು ಮಧ್ಯಾಹ್ನವನ್ನೇ ಮೀಸಲಿಡಲಿ. ಅಲ್ಲಾಹನು ಏಕೆ ಕಾಣುವುದಿಲ್ಲ ಎಂದು ಕೇಳಿದ ಮಗುವನ್ನು ಯಾರೂ ಗದರದಿರಲಿ. ಕೊನೆಯ ದಿನದ ಕಾರ್ಯಕ್ರಮ ಹಗಲಿನಲ್ಲೇ ನಡೆಯಲಿ, ತಂದೆತಾಯಿಯರೂ ಬಂದು ಪಕ್ಕದಲ್ಲಿ ಕುಳಿತುಕೊಳ್ಳಲಿ, ಕ್ಯಾಮೆರಾಗಳು ಚೀಲದಲ್ಲಿರಲಿ. ಮಗುವಿಗೆ ಮನೆಯಲ್ಲಿ ಮಾಡಲು ಒಂದೇ ಒಂದು ಚಿಕ್ಕ ಕೆಲಸ ಕೊಡಲಿ, ಏಕೆಂದರೆ ಸ್ವಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ನಾವೇ ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಮಳೆ ಹಿಡಿದು, ಶಾಲೆ ಶುರುವಾಗಿ, ಹೊಸ ಪುಸ್ತಕಗಳಿಗೆ ಬೈಂಡ್ ಹಾಕುವ ಜೂನ್ ತಿಂಗಳಲ್ಲಿ ಆ ಹತ್ತು ಮಕ್ಕಳ ಮನೆಗಳಿಗೆ ಆ ಯುವಕ ಒಮ್ಮೆ ಹೋಗಿ ಬರಲಿ, ಅದರ ಬಸ್ಸಿನ ಖರ್ಚನ್ನು ಶಿಬಿರದ ಬಜೆಟ್ಟಿನಲ್ಲೇ ಸೇರಿಸಿಡಲಿ.